ಈಶಾನ್ಯದ ಡ್ರಮ್ಮು

ಕೆ.ಆರ್. ಪೇಟೆ ಕಡೆ ತೊಂಬತ್ತರ ದಶಕದಲ್ಲಿ ಹೈಸ್ಕೂಲು ಓದಿದವರನ್ನು ಯಾರನ್ನಾದರೂ ನಿಲ್ಲಿಸಿ, ‘ನೀರು ಸುತ್ತಿಸೋ ಮೇಷ್ಟ್ರು’ ಯಾರೆಂದು ಕೇಳಿ ನೋಡಿ. ಹೆಸರು ಮರೆತವರೂ ಗಾಳಿಯಲ್ಲಿ ಬೆರಳಾಡಿಸಿ ಒಂದು ಚೌಕ ಬರೆದು ತೋರಿಸುತ್ತಾರೆ. ಅವರೇ ತಮ್ಮಯ್ಯ ಮೇಷ್ಟ್ರು. ಹೇಮಗಿರಿಯ ಹತ್ತಿರದ ಒಂದು ಊರಿನಲ್ಲಿ ಮನೆ, ಅಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ. ಒಂದಷ್ಟು ಗದ್ದೆಯೂ ಇತ್ತು, ಆದರೆ ಗದ್ದೆಯ ನೀರಿಗಿಂತ ಗಾಜಿನ ಕೊಳವೆಯ ನೀರಿನ ಮೇಲೆ ಅವರಿಗೆ ಹೆಚ್ಚು ಪ್ರೀತಿ ಎಂದು ಹೆಂಡತಿ ಪುಟ್ಟಗೌರಮ್ಮ ಬಂದವರೆದುರಿಗೆಲ್ಲ ಆಡಿಕೊಳ್ಳುತ್ತಿದ್ದರು.

ಆ ಚೌಕ ನಿಜಕ್ಕೂ ಇತ್ತು. ನಾಲ್ಕು ಗಾಜಿನ ಕೊಳವೆಗಳನ್ನು ರಬ್ಬರು ತುಂಡುಗಳಿಂದ ಮೂಲೆ ಮೂಲೆಗೆ ಜೋಡಿಸಿ, ಮರದ ಚೌಕಟ್ಟಿಗೆ ಬಿಗಿದು, ಒಳಗೆ ಒಂದು ಗುಳ್ಳೆಯೂ ಇಲ್ಲದಂತೆ ನೀರು ತುಂಬಿದ್ದರು. ಒಂದು ಬದಿಯ ಕೆಳಗಡೆ ಸ್ಪಿರಿಟ್ ದೀಪ ಇಡಬೇಕು, ಇನ್ನೊಂದು ಬದಿಗೆ ಒದ್ದೆ ಬಟ್ಟೆ ಸುತ್ತಬೇಕು. ಮೇಲಿನ ಬಿರಡೆ ತೆಗೆದು ಪೊಟ್ಯಾಸಿಯಂ ಪರ್ಮಾಂಗನೇಟಿನ ಒಂದು ಹರಳು ಹಾಕಿದರೆ, ಕಡುನೇರಳೆ ಬಣ್ಣದ ಎಳೆಯೊಂದು ಮೆಲ್ಲಗೆ ಎದ್ದು, ಅಡ್ಡ ಹರಿದು, ಇಳಿದು, ಮತ್ತೆ ದೀಪದ ಹತ್ತಿರಕ್ಕೆ ಬರುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ, ಊದುವವರಿಲ್ಲ. ಬಿಸಿಯಾದ ನೀರು ಹಗುರಾಗಿ ಏಳುತ್ತದೆ, ತಣ್ಣಗಿನದು ಭಾರವಾಗಿ ಇಳಿಯುತ್ತದೆ, ಅಷ್ಟೇ.

ಈ ಚೌಕವನ್ನು ಮೇಷ್ಟ್ರು ಮದುವೆ ಹೆಣ್ಣಿನ ಹಾಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿಕೊಂಡು ಊರೂರಿಗೆ ಒಯ್ಯುತ್ತಿದ್ದರು. ನಾಗಮಂಗಲದ ವಿಜ್ಞಾನ ಪ್ರದರ್ಶನವಾಗಲಿ, ಪಾಂಡವಪುರದ ಶಿಕ್ಷಕರ ತರಬೇತಿಯಾಗಲಿ, ಬಿಂಡಿಗನವಿಲೆಯ ಯಾವುದೋ ಶಾಲೆಯ ವಾರ್ಷಿಕೋತ್ಸವವಾಗಲಿ, ಕರೆದರೆ ಸಾಕು. ಪಾಠದ ಕೊನೆಗೆ ಒಂದು ಮಾತನ್ನು ಮಾತ್ರ ಮರೆಯದೆ, ಬೆತ್ತದಿಂದ ಮೇಜು ಕುಟ್ಟಿ ಹೇಳುತ್ತಿದ್ದರು: “ತೊಟ್ಟಿ ಮೇಲೆ, ಒಲೆ ಕೆಳಗೆ. ಇದು ತಿರುಗುಮುರುಗಾದರೆ ದೇವರೇ ಬಂದು ನಿಂತರೂ ನೀರು ಸುತ್ತಲ್ಲ.”

ಆ ಮಾತನ್ನು ಕೇಳಿ ಬೆಳೆದವರಲ್ಲಿ ಅವರ ಒಬ್ಬಳೇ ಮಗಳು ಶ್ವೇತಳೂ ಒಬ್ಬಳು. ಎಂಟನೇ ತರಗತಿಯಲ್ಲಿ ಅವಳು ಅಪ್ಪನದೇ ವಿದ್ಯಾರ್ಥಿನಿ. ದೀಪವನ್ನು ಕೆಳಗಿಡದೆ ಮೇಲಿನ ಕೊಳವೆಗೆ ಹಿಡಿದರೆ ಏನಾಗುತ್ತದೆ ಎಂದು ಒಮ್ಮೆ ಕೇಳಿದಾಗ, ಗಂಡು ಹುಡುಗರೆಲ್ಲ ಮುಖ ಮುಖ ನೋಡಿಕೊಂಡರೆ ಅವಳು ಎದ್ದು ನಿಂತು, “ಬಿಸಿನೀರು ಮೇಲೇ ಕೂತಿರ್ತದೆ, ತಣ್ಣೀರು ಕೆಳಗೇ ಬಿದ್ದಿರ್ತದೆ, ಎಲ್ಲಿಗೂ ಓಗಲ್ಲ” ಎಂದಿದ್ದಳು. ಮಗಳನ್ನು ಎಲ್ಲರೆದುರು ಹೊಗಳಬಾರದೆಂದು ಮೇಷ್ಟ್ರು “ಕೂತ್ಕೊ” ಎಂದಷ್ಟೇ ಹೇಳಿದರು. ಮನೆಗೆ ಹೋಗಿ ಮಾತ್ರ ಹೆಂಡತಿಗೆ ಅದನ್ನೇ ಮತ್ತೆ ಮತ್ತೆ ಹೇಳಿ ಊಟ ತಣ್ಣಗಾಗಿಸಿದರು.

ಪಾಠಕ್ಕೆ ಮಾತ್ರ ಸಾಲದೆ, ಸ್ವಂತ ಮನೆಯ ಮೇಲೆ ಒಂದು ಬಿಸಿಲಿನ ನೀರೊಲೆಯನ್ನೂ ಕಟ್ಟಿದ್ದರು. ಕಪ್ಪು ಬಣ್ಣ ಬಳಿದ ತಗಡು, ಅದರ ಮೇಲೆ ಸಾಲಾಗಿ ಕಬ್ಬಿಣದ ಪೈಪು, ಮುಚ್ಚಲು ಕಿಟಕಿಯ ಗಾಜು. ಈ ಪೆಟ್ಟಿಗೆಗಿಂತ ಎತ್ತರದಲ್ಲಿ, ಕಲ್ಲಿನ ಕಟ್ಟೆಯ ಮೇಲೆ, ಒಂದರೊಳಗೊಂದು ಕೂರಿಸಿ ನಡುವೆ ಭತ್ತದ ಹೊಟ್ಟು ತುಂಬಿದ ಎರಡು ಡ್ರಮ್ಮು. ಊರವರು ಮೊದಲು ನಕ್ಕರು. ಆಮೇಲೆ ಗದ್ದೆ ಕೆಲಸ ಮುಗಿಸಿ ಬರುವಾಗ ಟವೆಲು ಹೆಗಲಿಗೆ ಹಾಕಿಕೊಂಡು, “ಮೇಷ್ಟ್ರೇ, ನಿಮ್ಮ ಬಿಸ್ಲು ನೀರು ಒಸಿ ಬುಡಿ” ಎಂದು ಬರಲಾರಂಭಿಸಿದರು.

ಶ್ವೇತಳ ಮದುವೆ ಶ್ರೀರಂಗಪಟ್ಟಣದ ಕೆಂಪಣ್ಣನವರ ಮಗನೊಂದಿಗೆ ಆಯಿತು. ಹುಡುಗ ಶಿವಶಂಕರ್‌ಗೆ ಮೈಸೂರಿನ ಕಾರ್ಖಾನೆಯಲ್ಲಿ ಕೆಲಸ, ಮೊದಲ ಬಸ್ಸಿಗೆ ಹೋಗಿ ಸಂಜೆಗೆ ಬರುವವನು. ಕೆಂಪಣ್ಣನವರು ನಾಲೆ ಬಯಲಿನ ಗದ್ದೆ, ಹಾಲು ಕರೆಯುವ ಹಸುಗಳು ಇದ್ದ ಆಳು. ಎತ್ತರದ ಮೈಕಟ್ಟು, ಅದಕ್ಕಿಂತ ಎತ್ತರದ ಗಂಟಲು. ಪಿಸುಮಾತು ಎಂಬುದು ಆ ಬಾಯಿಗೆ ಗೊತ್ತೇ ಇರಲಿಲ್ಲ. ಮದುವೆ ಮಾತಿನಲ್ಲಿ ಅವರು ಏನನ್ನೂ ಕೇಳಲಿಲ್ಲ. “ಹುಡ್ಗಿ ಕೊಡ್ತಾವ್ರೆ, ಇನ್ನೇನು ಕೇಳೋದು” ಎಂದು ಎಲೆ ಅಡಿಕೆ ಹಾಕಿಕೊಂಡು ಎದ್ದುಬಿಟ್ಟರು. ಕೇಳಿದ್ದರೆ ಕೊಟ್ಟು ಹಗುರಾಗುತ್ತಿದ್ದ ಮೇಷ್ಟ್ರು, ಕೇಳದೆ ಹೋದದ್ದರಿಂದ ಜನ್ಮವಿಡೀ ತಗ್ಗಿ ನಡೆಯಬೇಕೆಂದು ತಮಗೆ ತಾವೇ ತೀರ್ಮಾನಿಸಿಕೊಂಡರು. ಶಾಲೆಯಲ್ಲಿ ಬೆತ್ತ ಕುಟ್ಟುವ ಮನುಷ್ಯ ಬೀಗರ ಮುಂದೆ ಚಾಪೆಯ ಅಂಚಿನಲ್ಲಿ ಕೂರುತ್ತಿದ್ದರು. ಹೆಣ್ಣು ಕೊಟ್ಟವರು ಹೀಗೇ ಇರಬೇಕೆಂದು ಅವರಪ್ಪ ಹಾಗೇ ಇದ್ದು ತೋರಿಸಿದ್ದರು.

ತೊಂಬತ್ತೈದರಲ್ಲಿ ಕೆಂಪಣ್ಣ ಹಳೇ ಹೆಂಚಿನ ಮನೆಯ ಪಕ್ಕದಲ್ಲೇ ತಾರಸಿ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಬೆಳ್ಳಿ ಬೇಡ, ಬಟ್ಟೆ ಬೇಡ, ನಿಮ್ಮ ಕೈಯಾರೆ ಒಂದು ಬಿಸಿಲು ನೀರೊಲೆ ಮಾಡಿಕೊಡಿ ಎಂದು ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದರು. ಮೇಷ್ಟ್ರ ಆನಂದಕ್ಕೆ ಪಾರವಿಲ್ಲ. ಬೇಸಿಗೆ ರಜೆಯಲ್ಲಿ ಹಗಲೆಲ್ಲ ಕೂತು ಪೈಪು ಕೊಯ್ದು, ಬೆಸುಗೆ ಹಾಕಿಸಿ, ಹೊಟ್ಟು ತುಂಬಿ, ತಮ್ಮ ಮನೆಯದಕ್ಕಿಂತ ದೊಡ್ಡದಾದ ಪೆಟ್ಟಿಗೆ, ದೊಡ್ಡದಾದ ಡ್ರಮ್ಮು ಸಿದ್ಧಮಾಡಿ ಟ್ರಾಕ್ಟರಿನಲ್ಲಿ ಹಾಕಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಬಂದರು.

ಆಗ ಎಲ್ಲೆಲ್ಲೂ ವಾಸ್ತುವಿನ ಹುಚ್ಚು. ಬಾಗಿಲು ಒಡೆಸಿದವರು, ಬಾವಿ ಮುಚ್ಚಿಸಿದವರು, ಮೆಟ್ಟಿಲು ತಿರುಗಿಸಿದವರು ಊರಿಗೆ ಹತ್ತು ಜನ ಸಿಗುತ್ತಿದ್ದರು. ಕೆಂಪಣ್ಣನವರ ಮನೆಗೂ ಒಬ್ಬ ಪಂಡಿತರು ಬಂದು ಹೋಗಿದ್ದರು. ತಾರಸಿಯ ಮೇಲೆ ನಿಂತು ಕೆಂಪಣ್ಣ ಮೂಲೆ ಮೂಲೆಗೂ ಕೈ ತೋರಿಸಿದರು.

“ಮೇಷ್ಟ್ರೇ, ಪಂಡಿತ್ರು ಯೋಳವ್ರೆ, ನೀರಿನ ಡ್ರಮ್ಮು ಈಶಾನ್ಯದಾಗೇ ಇರ್ಬೇಕಂತೆ. ಈಶಾನ್ಯ ಎತ್ರ ಆಗ್ಬಾರ್ದಂತೆ, ಅದ್ಕೇ ನೆಲಕ್ಕೇ ಕೂರುಸ್ಬುಡನ. ಬೆಂಕಿ ಅಂದ್ರೆ ಆಗ್ನೇಯ. ನಿಮ್ಮ ಪೆಟ್ಗೆನ ಮೆಟ್ಲು ರೂಮಿನ ಮೇಲ್ಗಡೆ ಮಡಗ್ಬುಡನ, ಅಲ್ಲಿ ಚೆನ್ನಾಗಿ ಬಿಸ್ಲು ಬೀಳ್ತದೆ. ಎಂಗೆ?”

ಮೇಷ್ಟ್ರು ನೋಡಿದರು. ಮೆಟ್ಟಿಲ ಕೋಣೆಯ ನೆತ್ತಿಯ ಮೇಲೆ ಪೆಟ್ಟಿಗೆ, ಆಳೆತ್ತರ ಕೆಳಗೆ ತಾರಸಿಯ ನೆಲದ ಮೇಲೆ ಡ್ರಮ್ಮು. ಒಲೆ ಮೇಲೆ, ತೊಟ್ಟಿ ಕೆಳಗೆ. ಎಂಟನೇ ತರಗತಿಯ ಮಗು ಹೇಳುವ ಉತ್ತರ ಅವರ ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿಯಿಂದ ಹೊರಬಿದ್ದದ್ದು ಬೇರೆ.

“ಆಗ್ಲಿ ಬೀಗ್ರೆ, ನೀವು ಯೋಳ್ದಂಗೇ ಮಾಡನ.”

ಜೋಡಿಸಿ ಮುಗಿಸಿದರು. ಕಾದ ನೀರು ಮೇಲಿನ ಪೆಟ್ಟಿಗೆಯಲ್ಲೇ ಕುದಿಯುತ್ತ ಕೂತಿತು, ಕೆಳಗಿನ ಡ್ರಮ್ಮಿನಲ್ಲಿ ಕೈಯಿಟ್ಟರೆ ಬಾವಿ ನೀರಿನ ತಣ್ಪು. ಉರಿಬಿಸಿಲಿನಲ್ಲಿ ಎರಡು ಹಗಲು ಕಾದರು, ಪೈಪು ತಟ್ಟಿದರು, ಗುಳ್ಳೆ ಬಿಟ್ಟರು. ಆಗದೆಂದು ಗೊತ್ತಿದ್ದೂ, ಆದರೂ ಆಗಬಹುದೇನೋ ಎಂದು ಕಾಯುವ ಮೂರ್ಖತನವನ್ನು ವಿಜ್ಞಾನದ ಮೇಷ್ಟ್ರೂ ಮಾಡುತ್ತಾರೆ.

“ಒಂದ್ ಮಾತು ಯೋಳ್ಬುಡಿ ಅಂದ್ರೆ” ಎಂದರು ಪುಟ್ಟಗೌರಮ್ಮ, ಗೃಹಪ್ರವೇಶಕ್ಕೆ ಬಂದಿಳಿದು ಗಂಡನ ಬಾಯಿಂದ ವಿಷಯ ತಿಳಿದವರೇ.

“ಏನಂತ ಯೋಳ್ಲಿ? ನಿಮ್ಮ ವಾಸ್ತು ಬದಲಾಯಿಸಿ ಅಂತ್ಲಾ? ಈಗ ನಾನು ಡ್ರಮ್ಮು ಎತ್ರುಕ್ಕೆ ಮಡುಗ್ಸಿ, ನಾಳೆ ಅವ್ರ ಹಸ ಒಂದು ಕೆಮ್ಮುದ್ರೂ, ಮೇಷ್ಟ್ರು ಈಶಾನ್ಯ ಕೆಡುಸ್ಬುಟ್ರು ಅಂತಾರೆ. ಆ ಮಾತು ಯಾರ ತಲೆ ಮ್ಯಾಲೆ ಬೀಳ್ತದೆ? ನಮ್ಮ ಮಗಳ ತಲೆ ಮ್ಯಾಲೆ.”

ಅವರ ಲೆಕ್ಕದಲ್ಲಿ ಇದು ಮಗಳ ಮೇಲಿನ ಪ್ರೀತಿ. ಅಂಜಿಕೆಯೂ ಎಷ್ಟೋ ಸಲ ಇದೇ ಅಂಗಿ ತೊಟ್ಟುಕೊಂಡು ಬರುತ್ತದೆ, ಗುರುತು ಹಿಡಿಯುವುದು ಕಷ್ಟ.

ಗೃಹಪ್ರವೇಶದ ಬೆಳಿಗ್ಗೆ ಹಿತ್ತಲಿನಲ್ಲಿ ಅಡಿಗೆಯವರ ದೊಡ್ಡ ಒಲೆಗಳು ಉರಿಯುತ್ತಿದ್ದವು. ತಾರಸಿ ತೊಳೆಯಲೆಂದು ನೆಪ ಹೇಳಿ ಗಂಡ ಹೆಂಡತಿ ಕೊಳದಪ್ಪಲೆಗಳಿಂದ ಕುದಿನೀರು ತೋಡಿ, ಕೊಡ ಕೊಡವಾಗಿ ಮೇಲಕ್ಕೆ ಹೊತ್ತು ಡ್ರಮ್ಮಿಗೆ ಸುರಿದರು. ಸುರಿಯುವ ಅವಸರದಲ್ಲಿ ಮೇಷ್ಟ್ರ ಮುಂಗೈ ಸುಟ್ಟು ಕೆಂಪಾಯಿತು. ಸೂರ್ಯ ಏರುವ ಹೊತ್ತಿಗೆ ಕೆಂಪಣ್ಣ ನೆಂಟರನ್ನೆಲ್ಲ ಬಚ್ಚಲಿಗೆ ಕರೆತಂದು ನಲ್ಲಿ ತಿರುಗಿಸಿದರು. ಹಬೆಯಾಡುವ ನೀರು ಧುಮುಕಿತು.

“ನೋಡ್ರಪ್ಪಾ, ಸೌದೆ ಇಲ್ಲ, ಹೊಗೆ ಇಲ್ಲ! ವಾಸ್ತು ಪ್ರಕಾರನೇ ಅದೆ, ವಿಜ್ಞಾನದ ಪ್ರಕಾರನೂ ಅದೆ. ನಮ್ಮ ಬೀಗ್ರು ಅಂದ್ರೆ ಏನಂದ್ಕಂಡ್ರಿ?”

ಎಲ್ಲರೂ ಕೈಯೊಡ್ಡಿ ಕೈಯೊಡ್ಡಿ ನೋಡಿದರು. ಮೇಷ್ಟ್ರ ಕೊರಳಿಗೆ ಒಂದು ಹಾರವೂ ಬಿತ್ತು. ಆ ಹಾರದ ಕೆಳಗೆ ಅವರಿಗೆ ಬೆವರು ಇಳಿಯುತ್ತಿತ್ತು. ಸಾವಿರಾರು ಮಕ್ಕಳ ಮುಂದೆ ನಿಜವಾಗಿ ನಡೆಯುವುದನ್ನು ತೋರಿಸಿದ ಮನುಷ್ಯ ಇಂದು ನಡೆಯದ್ದನ್ನು ನಡೆದಂತೆ ತೋರಿಸಿದ್ದ. ಗುಂಪಿನಾಚೆ ಬಾಗಿಲಲ್ಲಿ ನಿಂತಿದ್ದ ಶ್ವೇತ ನಲ್ಲಿಯನ್ನು ನೋಡಲಿಲ್ಲ, ಅಪ್ಪನ ಮುಂಗೈಯನ್ನು ನೋಡಿದಳು. ಮೇಷ್ಟ್ರು ಕೈಯನ್ನು ಪಂಚೆಯ ಮರೆಗೆ ಎಳೆದುಕೊಂಡರು.

ಊರಿಗೆ ಬಂದ ಮೇಲೆ ಅವರು ದೂರಿಗಾಗಿ ಕಾದರು. ನಾಳೆಯೋ ನಾಡಿದ್ದೋ ಡ್ರಮ್ಮು ಕೆಟ್ಟಿತೆಂಬ ಸುದ್ದಿ ಬರುತ್ತದೆ, ಏನೋ ಪೈಪು ಕಟ್ಟಿಕೊಂಡಿದೆ ಎಂದು ಹೇಳಿ ಕಳಚಿ ತಂದರಾಯಿತು, ಅಲ್ಲಿಗೆ ಮಾನವೂ ಉಳಿಯಿತು, ವಾಸ್ತುವೂ ಉಳಿಯಿತು ಎಂದು ಹಂಚಿಕೆ ಹಾಕಿದ್ದರು. ದೂರು ಬರಲೇ ಇಲ್ಲ. ಬದಲಿಗೆ ಬಂದವರೆಲ್ಲ ಹೊಗಳಿಕೆ ತಂದರು. ನಿಮ್ಮ ಬೀಗರ ಮನೆಯಲ್ಲಿ ಇರುವಂಥದ್ದೇ ನಮಗೂ ಒಂದು ಮಾಡಿಕೊಡಿ ಎಂದು ಪಾಂಡವಪುರದಿಂದ ಒಬ್ಬರು, ಮೇಲುಕೋಟೆಯಿಂದ ಒಬ್ಬರು ಮನೆ ಹುಡುಕಿಕೊಂಡು ಬಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರಾದರೂ ‘ಸೋಲಾರು’ ಎಂದರೆ ಮೇಷ್ಟ್ರ ಕಣ್ಣು ತಾನಾಗಿ ತಮ್ಮ ಮುಂಗೈಯ ಕಲೆಯ ಕಡೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಶಾಲೆಯಲ್ಲಿ ಯಾರೂ ಇಲ್ಲದಾಗ ಗಾಜಿನ ಚೌಕವನ್ನು ಹೊರತೆಗೆದು, ದೀಪವನ್ನು ಮೇಲಿನ ಕೊಳವೆಗೆ ಹಿಡಿದು ಕೂತರು. ತಮಗೆ ಗೊತ್ತಿಲ್ಲದ ಏನಾದರೂ ಇರಬಹುದೆ, ಬೀಗರ ತಾರಸಿಯಲ್ಲಿ ನೀರು ತಿರುಗುಮುರುಗಾಗಿಯೂ ಸುತ್ತುತ್ತಿರಬಹುದೆ ಎಂದು ಒಂದು ಆಸೆ. ಹರಳಿನ ಬಣ್ಣ ಬಿದ್ದ ಕಡೆಯೇ ಬಿದ್ದಿತ್ತು. ದೀಪದ ಬತ್ತಿ ಆರುವ ತನಕ ನೋಡಿ, ಚೌಕವನ್ನು ಒರೆಸಿ ಬೀರುವಿನಲ್ಲಿಟ್ಟರು. ಅಲ್ಲಿಂದಾಚೆ ಪ್ರದರ್ಶನಕ್ಕೆ ಕರೆ ಬಂದರೆ ಮೈ ಸರಿಯಿಲ್ಲ ಎನ್ನಲು ಕಲಿತರು.

ಮಗಳು ಬಸುರಿಯೆಂಬ ಸುದ್ದಿ ಬಂದಾಗಲೂ ನೋಡಲು ಹೋದದ್ದು ಪುಟ್ಟಗೌರಮ್ಮ ಒಬ್ಬರೇ. “ವಸಿ ಬಡಕಲಾಗವ್ಳೆ” ಎಂದು ಬಂದು ಹೇಳಿದರು. ಮೊದಲ ಬಸುರಿನಲ್ಲಿ ಹಾಗೆಯೇ ಎಂದು ಮೇಷ್ಟ್ರು ತಮ್ಮನ್ನು ತಾವು ಸಮಾಧಾನಪಡಿಸಿಕೊಂಡರು. ಹೋದರೆ ಆ ನಲ್ಲಿಯ ಮುಂದೆ ನಿಲ್ಲಬೇಕು, ಹೋಗದೆ ಇರಲು ಅಪ್ಪನಿಗೆ ಅಷ್ಟೇ ಕಾರಣ ಇತ್ತು.

ಶ್ರಾವಣದ ಒಂದು ಶನಿವಾರ, ತರಬೇತಿ ಮುಗಿಸಿ ಪಾಂಡವಪುರದ ಬಸ್ ನಿಲ್ದಾಣದಲ್ಲಿ ಕೊಡೆ ಹಿಡಿದು ನಿಂತಿದ್ದಾಗ ಹಿಂದಿನಿಂದ ಒಂದು ಭಾರವಾದ ಕೈ ಹೆಗಲ ಮೇಲೆ ಬಿತ್ತು. ಕೆಂಪಣ್ಣ.

“ಏನ್ ಮೇಷ್ಟ್ರೇ, ನಮ್ಮನ್ನ ಮರ್ತೇ ಬುಟ್ರಿ! ನೋಡಿ, ಸೂರ್ಯನ ಮುಖ ಕಂಡು ವಾರ ಆಯ್ತು. ಮೂರೊತ್ತೂ ಮಳೆ. ಆದ್ರೂ ನಿಮ್ಮ ಡ್ರಮ್ಮಲ್ಲಿ ಬೆಳಿಗ್ಗೆ ಎದ್ರೆ ಸುಡೋ ನೀರು! ಮೋಡದಾಗೂ ಕಾಯ್ಸೋ ಅಂತ ಅದೇನು ವಿದ್ಯೆ ಮಡುಗಿದ್ದೀರಿ ಅದ್ರಾಗೆ?”

ಸುತ್ತ ನಿಂತವರು ತಿರುಗಿ ನೋಡಿದರು. ಮೇಷ್ಟ್ರಿಗೆ ಕೊಡೆಯ ಮೇಲೆ ಬೀಳುತ್ತಿದ್ದ ಮಳೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಬಿಸಿಲಿಲ್ಲದೆ ನೀರು ಕಾಯುವುದಿಲ್ಲ. ಕಾದಿದೆ ಎಂದರೆ ಯಾರೋ ಕಾಯಿಸುತ್ತಿದ್ದಾರೆ. ಆ ಮನೆಯಲ್ಲಿ ತಮ್ಮ ಮಾನ ಉಳಿಸಬೇಕೆಂದು ಅನ್ನಿಸುವ ಜೀವ ಒಂದೇ ಒಂದು. ಯಾಕೆ, ಏನು ಎಂದು ಹೇಳದೆ ಅವರು ಕೆಂಪಣ್ಣನವರ ಹಿಂದೆಯೇ ಶ್ರೀರಂಗಪಟ್ಟಣದ ಬಸ್ಸು ಹತ್ತಿದರು.

ಅಂದು ಊಟಕ್ಕೆ ಕೂತು ಬಿಸಿ ಮುದ್ದೆ ಮುರಿಯುತ್ತ ಮೇಷ್ಟ್ರು ಮಗಳನ್ನೇ ಗಮನಿಸಿದರು. ಶ್ವೇತ ನಗುನಗುತ್ತಲೇ ಇದ್ದಳು, ಬಾಗಿ ಸಾರು ಬಡಿಸುವಾಗ ಮಾತ್ರ ಒಂದು ಕೈ ಸೊಂಟಕ್ಕೆ ಹೋಗುತ್ತಿತ್ತು. ಬೀಗಿತ್ತಿ ದೊಡ್ಡತಾಯಮ್ಮ, “ನಿಮ್ಮ ಮಗಳು ಬಂದ ಮ್ಯಾಲೆ ನಂಗೆ ಕೊಟ್ಟಿಗೆ ಕೆಲಸನೇ ಇಲ್ಲ ಕಣಣ್ಣ, ನಾನು ಏಳೋ ಒತ್ತಿಗೆ ಹಸೀಗೆಲ್ಲ ಬೂಸಾ ಬೇಯ್ಸಿ ಮಡಗಿರ್ತಾಳೆ” ಎಂದು ಸೊಸೆಯನ್ನು ಹೊಗಳಿದರು. ಮೇಷ್ಟ್ರು ತಲೆ ಎತ್ತದೆ ಹೂಂ ಎಂದರು.

ಬೆಳಕು ಹರಿಯುವ ಮುಂಚೆ ಜಗಲಿಯ ಮೇಲೆ ಅವರಿಗೆ ಎಚ್ಚರವಾಯಿತು. ಮಳೆ ಹೊಳವಾಗಿತ್ತು. ಕೊಟ್ಟಿಗೆಯಲ್ಲಿ, ಹಸುಗಳ ಬೂಸಾ ಬೇಯಿಸುವ ಒಲೆಯ ಮೇಲೆ ದೊಡ್ಡ ಹಂಡೆ. ಅದರಿಂದ ನೀರು ತೋಡಿ ಕೊಡ ತುಂಬಿಕೊಂಡು, ಸೆರಗನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡು, ಐದು ತಿಂಗಳ ಬಸುರಿ ಮಗಳು ಒಳಮೆಟ್ಟಿಲು ಬಿಟ್ಟು ಹೊರಗಿನ ಮೆಟ್ಟಿಲನ್ನು ಒಂದು ಕೈಯಿಂದ ಗೋಡೆ ಹಿಡಿದು ಹತ್ತುತ್ತಿದ್ದಳು. ಒದ್ದೆ ಮೆಟ್ಟಿಲು. ಮೇಲೆ ಡ್ರಮ್ಮಿನ ಮುಚ್ಚಳ ತೆಗೆದ ಸದ್ದು, ನೀರು ಸುರಿದ ಸದ್ದು. ಇಳಿದು ಬಂದಳು, ತುಂಬಿಕೊಂಡಳು, ಮತ್ತೆ ಹತ್ತಿದಳು. ಬಿಸಿಯಾದದ್ದು ಮೇಲಕ್ಕೆ ಹೋಗುತ್ತಿತ್ತು, ಖಾಲಿಯಾದದ್ದು ಕೆಳಕ್ಕೆ ಬರುತ್ತಿತ್ತು. ಮೇಷ್ಟ್ರಿಗೆ ಎದ್ದು ಓಡಬೇಕೆನಿಸಿತು, ಮಗಳ ಕಡೆಗಲ್ಲ, ಊರಿನ ಕಡೆಗೆ. ಆ ಅನಿಸಿಕೆಗೇ ಅವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು.

ಅವಳು ಇನ್ನೊಮ್ಮೆ ಕೊಡ ತುಂಬಿ ಎತ್ತಿಕೊಳ್ಳುವಷ್ಟರಲ್ಲಿ ಮೆಟ್ಟಿಲ ಬುಡದಲ್ಲಿ ಅಪ್ಪ ನಿಂತಿದ್ದರು.

“ಅಮ್ಮಿ, ಏನವ್ವ ಇದು?”

“ಮೆಲ್ಲುಗೆ ಮಾತಾಡಪ್ಪ. ಅತ್ತೆ ಏಳೋ ಒತ್ತು.”

“ಯಾವತ್ತಿಂದ?”

“ಗೃಹಪ್ರವೇಶ ಆದ ಮಾರ್ನೆ ದಿನದಿಂದ. ನೀನೂ ಅವ್ವನೂ ಉಯ್ದಿದ್ದು ನೋಡಿದ್ದೆ.”

“ಕೆಟ್ಟೋಗದೆ ಅಂತ ಯೋಳ್ಬುಡೋದಲ್ವಾ?”

“ಎಂಗಪ್ಪ ಯೋಳ್ಲಿ? ಮಾವ ದಿನಾ ಯಾರ್ನಾದ್ರೂ ಕರ್ಕಂಬತ್ತಾರೆ. ನಮ್ಮ ಬೀಗ್ರು ಮಾಡಿದ್ದು ಅಂತ ನಲ್ಲಿ ತಿರುಗ್ಸಿ ತೋರುಸ್ತಾರೆ. ಅವಾಗ ತಣ್ಣೀರು ಬಂದ್ರೆ ನಿನ್ನ ಏನಂತಾರೆ?”

ಇಷ್ಟಾದರೂ ಮೇಷ್ಟ್ರ ನಾಲಿಗೆ ಒಂದು ಸುಳ್ಳಿಗೆ ತಡಕಾಡಿತು. “ಅವತ್ತು ಜೋಡುಸ್ವಾಗ ನಂಗೆ ಗೊತ್ತಾಗ್ಲಿಲ್ಲ ಕಣವ್ವ...”

“ಗೊತ್ತಿತ್ತು ಬುಡಪ್ಪ” ಎಂದಳು ಶ್ವೇತ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ತೊಟ್ಟಿ ಮೇಲೆ, ಒಲೆ ಕೆಳಗೆ. ಡ್ರಮ್ಮು ನೆಲದ ಮ್ಯಾಲೆ ಕೂತಿದ್ದು ನೋಡ್ದಾಗ್ಲೇ ನಂಗೇ ಗೊತ್ತಾಯ್ತು, ನಿಂಗೆ ಗೊತ್ತಾಗಲ್ವಾ? ಗೊತ್ತಿದ್ದೂ ನೀನು ಸುಮ್ನಿದ್ದೀಯ ಅಂದ್ರೆ ಏನೋ ಕಾರಣ ಇರ್ತದೆ ಅಂತ ನಾನೂ ಸುಮ್ನಾದೆ.”

ಮೇಷ್ಟ್ರು ಕೊಡವನ್ನು ಅವಳ ಕೈಯಿಂದ ಕಿತ್ತುಕೊಂಡರು. ತಾವೇ ಹೊತ್ತು ಮೇಲೆ ಹತ್ತಿದರು. ತಾರಸಿಯ ಈಶಾನ್ಯ ಮೂಲೆಯಲ್ಲಿ ಡ್ರಮ್ಮಿನ ಮುಂದೆ ನಿಂತು, ಮುಚ್ಚಳ ಸರಿಸಿ, ನೀರನ್ನು ಸುರಿದೇಬಿಟ್ಟರು. ಸುರಿದ ಮೇಲೆ ಅರಿವಾಯಿತು. ಎಲ್ಲ ಬಯಲಾದ ಮೇಲೂ ತಮ್ಮ ಕೈ ಮೊದಲು ಮಾಡಿದ್ದು ಇವತ್ತಿನ ಸ್ನಾನಕ್ಕೆ ಸುಳ್ಳನ್ನು ಒದಗಿಸುವ ಕೆಲಸ. ಖಾಲಿ ಕೊಡ ಹಿಡಿದು ಅಲ್ಲೇ ಕುಕ್ಕರಿಸಿದರು. ಯಾವ ವಿದ್ಯಾರ್ಥಿಯನ್ನಾದರೂ ಇಂಥ ಸ್ಥಿತಿಯಲ್ಲಿ ಕಂಡಿದ್ದರೆ ಬೆತ್ತದಲ್ಲಿ ಬಾರಿಸುತ್ತಿದ್ದರು.

ಕೆಳಗೆ ಬಚ್ಚಲಿನಿಂದ ಆ ದೊಡ್ಡ ಗಂಟಲು ಕೇಳಿಸಿತು. “ಮೇಷ್ಟ್ರೇ, ಬನ್ನಿ ಇಲ್ಲಿ, ನಿಮ್ಮ ಕೈಚಳಕ ನೀವೇ ನೋಡಿ!”

ಟವೆಲು ಉಟ್ಟು ನಿಂತಿದ್ದ ಕೆಂಪಣ್ಣ ನಲ್ಲಿ ತಿರುಗಿಸಿದ್ದರು. ಹಬೆ ಏಳುತ್ತಿತ್ತು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡು ಇಷ್ಟು ದಿನ ಕಳೆದ ಮೇಷ್ಟ್ರು ಬಾಗಿಲಲ್ಲಿ ನಿಂತು ಉಗುಳಿಬಿಟ್ಟರು.

“ಬೀಗ್ರೆ, ಇದು ಬಿಸ್ಲಿನ ನೀರಲ್ಲ. ಈ ಡ್ರಮ್ಮು ಒಂದು ದಿನನೂ ಕೆಲಸ ಮಾಡಿಲ್ಲ. ಗೃಹಪ್ರವೇಶದ ದಿನ ನಾನು ಅಡಿಗೆ ಒಲೆ ನೀರು ತಂದು ಉಯ್ದೆ. ಅಲ್ಲಿಂದ ಇಲ್ಲೀಗಂಟ ನನ್ನ ಮಗಳು ಉಯ್ತಾವ್ಳೆ. ಅಲ್ಲಿ ಮಡಗಿದ್ರೆ ನೀರು ಸುತ್ತಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು.”

ಕೆಂಪಣ್ಣ ನಲ್ಲಿ ನಿಲ್ಲಿಸಿದರು. ಅಡಿಗೆಮನೆ ಬಾಗಿಲಿಗೆ ಬಂದಿದ್ದ ದೊಡ್ಡತಾಯಮ್ಮ ಕೆನ್ನೆಗೆ ಕೈಯಿಟ್ಟುಕೊಂಡು, “ಅಯ್ಯೋ ಶಿವ್ನೆ, ಹಸೀಗೆ ಕಾಯುಸ್ತಾವ್ಳೆ ಅಂದ್ಕಂಡಿದ್ನಲ್ಲವ್ವಾ” ಎಂದು ಸೊಸೆಯ ಕಡೆ ನಡೆದರು. ಕೆಂಪಣ್ಣ ಮೇಷ್ಟ್ರನ್ನು ನೋಡಲಿಲ್ಲ, ಅಂಗಳದಲ್ಲಿ ನಿಂತಿದ್ದ ಶ್ವೇತಳನ್ನು, ಅವಳ ಒದ್ದೆ ಸೆರಗನ್ನು, ಪಾಚಿ ಕಟ್ಟಿದ ಮೆಟ್ಟಿಲನ್ನು ನೋಡಿದರು. ಆಮೇಲೆ, ಹುಟ್ಟಿದಂದಿನಿಂದ ಮೊದಲ ಬಾರಿಗೋ ಎಂಬಂತೆ, ಸಣ್ಣ ದನಿಯಲ್ಲಿ ಮಾತಾಡಿದರು.

“ನಾನು ‘ಎಂಗೆ’ ಅಂತ ಕೇಳಿದ್ನಲ್ಲ ಮೇಷ್ಟ್ರೇ.”

ಕೆಂಪಣ್ಣ ಅಂಗಳಕ್ಕೆ ಬಂದು ಮೆಟ್ಟಿಲ ಬುಡದಲ್ಲಿ ನಿಂತರು.

“ಪಂಡಿತ್ರಿಗೆ ದಿಕ್ಕು ಗೊತ್ತು, ನೀರು ಏನು ಗೊತ್ತು? ಅದ್ಕೇ ನಿಮ್ಮನ್ನ ಕೇಳಿದ್ದು. ಆಗಲ್ಲ ಅಂತ ಒಂದ್ ಮಾತು ಅಂದಿದ್ರೆ ಮುಗ್ದೋಗಿತ್ತು. ನೈಋತ್ಯ ಎತ್ರ ಇರ್ಬೇಕು ಅಂತ ಅದೇ ಪಂಡಿತ್ರು ಯೋಳವ್ರೆ, ಅಲ್ಲಿ ಒಂದು ಕಟ್ಟೆ ಕಟ್ಟಿ ಡ್ರಮ್ಮು ಮಡಗ್ತಿದ್ವಿ. ನನ್ ಸೊಸೆ ಬಸುರಿ ಕಣ್ರೀ. ಈ ಮೆಟ್ಲಲ್ಲಿ ಜಾರಿದ್ದಿದ್ರೆ?”

ಬೈದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರಾಗುತ್ತಿತ್ತು. ಬೈಯುವ ಬೀಗರನ್ನು ತಮ್ಮ ಮನಸ್ಸಿನಲ್ಲಿ ಕಟ್ಟಿಕೊಂಡು, ಅವರಿಗೆ ಹೆದರಿ, ಅವರಿಂದ ಮಗಳನ್ನು ಕಾಪಾಡುತ್ತೇನೆಂದು ಮಗಳ ತಲೆಯ ಮೇಲೇ ಕುದಿನೀರು ಹೊರಿಸಿದ್ದರು. ಆ ಬೀಗರು ಈ ಮನೆಯಲ್ಲಿ ಇರಲೇ ಇಲ್ಲ. ‘ನನ್ ಸೊಸೆ’ ಎಂದು ಕೆಂಪಣ್ಣ ಅಂದಾಗ, ‘ನನ್ನ ಮಗಳು’ ಎಂದು ಹೇಳುವ ಬಾಯಿ ತಮಗೆ ಇಲ್ಲವೆನಿಸಿತು.

ಆ ದಿನ ಭಾನುವಾರ. ವಾರದ ಮೇಲೆ ಬಿಸಿಲು ಬಿತ್ತು. ಮನೆ ಕಟ್ಟಿ ಉಳಿದಿದ್ದ ಇಟ್ಟಿಗೆಗಳನ್ನು ಕೆಂಪಣ್ಣ, ಅಳಿಯ, ಮೇಷ್ಟ್ರು ಮೂವರೂ ತಾರಸಿಗೆ ಸಾಗಿಸಿ ನೈಋತ್ಯದಲ್ಲಿ ಕಟ್ಟೆ ಪೇರಿಸಿದರು. ಡ್ರಮ್ಮನ್ನು ಅದರ ಮೇಲೆ ಏರಿಸಿ, ಪೆಟ್ಟಿಗೆಯನ್ನು ಅದರ ಕೆಳಕ್ಕೆ ಇಳಿಸಿ, ಪೈಪು ತಿರುಗಿಸಿ ಜೋಡಿಸಿದರು. ಮಾತು ಬೇಕಾದಷ್ಟೇ. ಅಳಿಯ ಶಿವಶಂಕರ್ ಸ್ಪ್ಯಾನರು ಕೊಡುವಾಗ ಕೊಟ್ಟ, ಇಸಿದುಕೊಳ್ಳುವಾಗ ಇಸಿದುಕೊಂಡ, ಮಾವನ ಮುಖ ನೋಡಲಿಲ್ಲ. ಇಷ್ಟು ದಿನ ಮುಗಿಯದ ಕೆಲಸ ಅರ್ಧ ಹಗಲಲ್ಲಿ ಮುಗಿಯಿತು. ಸಂಜೆಗೆ ಡ್ರಮ್ಮಿನ ಮೇಲ್ಭಾಗದ ಪೈಪು ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು, ಕೆಳಗಿನದು ತಣ್ಣಗಿತ್ತು. ನೀರು ಸುತ್ತುತ್ತಿತ್ತು, ಯಾರೂ ಹೊರದೆ.

ಕೆಂಪಣ್ಣ ಯಾರನ್ನೂ ಕರೆದು ತೋರಿಸಲಿಲ್ಲ. ನಲ್ಲಿ ತಿರುಗಿಸಿ ಕೈ ತೊಳೆದುಕೊಂಡು, “ಆಯ್ತು ಬುಡಿ” ಎಂದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬುದು ಮಕ್ಕಳಿಗೆ ಪ್ರಬಂಧ ಬರೆಸುವ ಗಾದೆ. ತಾವು ಕಳೆದುಕೊಂಡದ್ದು ಒಂದು ‘ಎಂಗೆ’ಗೆ ಉತ್ತರ ಕೊಡದೆ ಎಂದು ಮೇಷ್ಟ್ರು ಯೋಚಿಸಿದರು. ಕೊನೆಯ ಬಸ್ಸಿಗೆ ಹೋಗಿಬಿಡೋಣವೆಂದರೆ ಶ್ವೇತ ಬಿಡಲಿಲ್ಲ. “ಇರಪ್ಪ, ನಾಳೆ ನೀನು ಮಾಡಿದ ನೀರಲ್ಲಿ ಸ್ನಾನ ಮಾಡ್ಕಂಡು ಓಗು” ಎಂದಳು.

ಮುಂದೆ ನಿವೃತ್ತಿಯವರೆಗೂ ಅವರು ಆ ಗಾಜಿನ ಚೌಕವನ್ನು ಊರೂರಿಗೆ ಒಯ್ದರು, ಪಾಠವನ್ನೂ ಮಾಡಿದರು. ಬೆತ್ತವನ್ನು ಮಾತ್ರ ಒಯ್ಯುತ್ತಿರಲಿಲ್ಲ. ‘ದೇವರೇ ಬಂದು ನಿಂತರೂ’ ಎಂಬ ಮಾತಿನ ಹತ್ತಿರ ಬಂದಾಗ ಸುಮ್ಮನಾಗಿಬಿಡುತ್ತಿದ್ದರು. ಮಕ್ಕಳು ಯಾಕೆಂದು ಕೇಳಲಿಲ್ಲ, ಕೇಳಿದ್ದರೂ ಅವರು ಸೋಮವಾರದ ಆ ಬೆಳಗನ್ನು ಹೇಳುತ್ತಿರಲಿಲ್ಲ.

ಆ ಸೋಮವಾರ ಕತ್ತಲು ಹರಿಯುವ ಹೊತ್ತಿಗೆ ಜಗಲಿಯ ಮೇಲೆ ಮತ್ತೆ ಎಚ್ಚರವಾಗಿತ್ತು. ಕೊಟ್ಟಿಗೆಯ ಒಲೆ ಉರಿಯುತ್ತಿತ್ತು, ಅದು ಹಸುಗಳಿಗೆ. ಮೇಲೆ ಡ್ರಮ್ಮಿನಲ್ಲಿ ನಿನ್ನೆಯ ಬಿಸಿಲಿನ ನೀರು ಹೊಟ್ಟಿನ ನಡುವೆ ಬೆಚ್ಚಗಿತ್ತು. ಅಷ್ಟರಲ್ಲಿ ಶ್ವೇತ ಹಂಡೆಯಿಂದ ಕೊಡ ತುಂಬಿಕೊಂಡು, ಸಿಂಬೆ ಸುತ್ತಿಕೊಂಡು, ನಿದ್ದೆಗಣ್ಣಿನಲ್ಲಿ ಬಂದು ಮೆಟ್ಟಿಲು ಹತ್ತತೊಡಗಿದಳು. ಮೇಷ್ಟ್ರು ಎದ್ದು ಕೂತರು, ಕೂಗಿದರೆ ಬೆಚ್ಚಿ ಜಾರಿಯಾಳೆಂದು ಮೆಲ್ಲಗೆ ಜಗಲಿ ಇಳಿದರು. ಅರ್ಧ ಮೆಟ್ಟಿಲು ಏರಿದವಳು ತಟ್ಟನೆ ನಿಂತಳು. ಗೋಡೆ ಹಿಡಿದು, “ಅಯ್ಯೋ, ಮರ್ತೇ ಓದೆ ಕಣಪ್ಪ” ಎಂದು ಅಪ್ಪನ ಕಡೆ ತಿರುಗಿ ನಕ್ಕಳು.

ಮೇಷ್ಟ್ರಿಗೆ ನಗು ಬರಲಿಲ್ಲ. ಹೋಗಿ ಅವಳ ತಲೆಯ ಮೇಲಿನ ಕೊಡವನ್ನು ಇಳಿಸಿಕೊಂಡರು. ಅದು ತುಂಬಾ ಭಾರವಿತ್ತು.